ಕೆಲಸ ನಡೆದಿರುವ ಹೆದ್ದಾರಿ: ಸೊಲ್ಲಾಪುರ–ಅಕ್ಕಲಕೋಟ ರಸ್ತೆಯನ್ನು ಮುಂದಿಟ್ಟುಕೊಂಡು ಸಂಚಾರ ನಿರ್ವಹಣೆಯ ಕೆಲವು ಮಾತು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಂಡನೆಯ ಬರಹರೂಪ. ಕೊನೆಯ ಪ್ರಶ್ನೋತ್ತರದ ಒಂದಿಷ್ಟು ಭಾಗವನ್ನೂ ಉಳಿಸಿಕೊಳ್ಳಲಾಗಿದೆ.)

  

ರಸ್ತೆ ಸುರಕ್ಷತೆ ಅಂದಕೂಡಲೇ ನಾವು ಮುಗಿದ ರಸ್ತೆಯ ಬಗ್ಗೆ ಮಾತಾಡ್ತೀವಿ. ತಿರುವು ಹೆಂಗಿದೆ, ಡಾಂಬರು ಹೆಂಗಿದೆ, ಡಿವೈಡರ್ ಎಷ್ಟು ಎತ್ತರ. ಆದರೆ ಒಂದು ಹೆದ್ದಾರಿಯನ್ನು ಎರಡು ಪಥದಿಂದ ನಾಲ್ಕು ಪಥಕ್ಕೆ ಏರಿಸುವಾಗ ಎರಡು ಮೂರು ವರ್ಷ ಜನ ಓಡಾಡುವುದು ಮುಗಿದ ರಸ್ತೆಯ ಮೇಲಲ್ಲ, ಅರ್ಧ ಆದ ರಸ್ತೆಯ ಮೇಲೆ. ಆ ರಸ್ತೆ ದಿನಕ್ಕೊಂದು ರೂಪದಲ್ಲಿ ಇರ್ತದ. ನಿನ್ನೆ ಎಡಕ್ಕೆ ಹೋಗಿದ್ದ ದಾರಿ ಇವತ್ತು ಬಲಕ್ಕೆ. ನಕ್ಷೆಯಲ್ಲಿ ಇಲ್ಲದ ಈ ರಸ್ತೆಯೇ ನನ್ನ ವಿಷಯ.

ನಾನು ಆರಿಸಿಕೊಂಡದ್ದು ರಾಷ್ಟ್ರೀಯ ಹೆದ್ದಾರಿ 150ಇ, ಅದರಲ್ಲೂ ಸೊಲ್ಲಾಪುರದಿಂದ ಕುಂಭಾರಿ, ವಳಸಂಗ ದಾಟಿ ಅಕ್ಕಲಕೋಟಕ್ಕೆ ಬರುವ ಸುಮಾರು 39 ಕಿ.ಮೀ. ಈ ಭಾಗದ ಚತುಷ್ಪಥ ಕಾಮಗಾರಿ ಹೈಬ್ರಿಡ್ ಆನ್ಯುಟಿ ಮಾದರಿಯಲ್ಲಿ ಆಯಿತು. ಅಂದರೆ ಯೋಜನಾ ವೆಚ್ಚದ ಶೇ. 40ರಷ್ಟನ್ನು ಸರಕಾರ ನಿರ್ಮಾಣದ ಕಾಲದಲ್ಲೇ ಕೊಡ್ತದ, ಉಳಿದ ಶೇ. 60 ಮುಂದಿನ ವರ್ಷಗಳಲ್ಲಿ ಕಂತುಗಳಾಗಿ ಬರ್ತದ. ಈ ಹಣದ ಲೆಕ್ಕ ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗ್ತದ. ಇದೊಂದೇ ಅಲ್ಲ, ಸೂರತ್–ಚೆನ್ನೈ ಆರ್ಥಿಕ ಕಾರಿಡಾರ್ ಕೂಡ ಅಕ್ಕಲಕೋಟ ತಾಲ್ಲೂಕಿನ ಮೂಲಕವೇ ಹಾಯುತ್ತದೆ. ಹಾಗಾಗಿ ನಮ್ಮ ಕಡೆಯ ಹಳ್ಳಿಗಳಿಗೆ ‘ಕಾಮಗಾರಿ ವಲಯ’ ಎಂಬುದು ಒಂದು ಸಲದ ಸಂಗತಿ ಅಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಕೈಪಿಡಿ ಇದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ:ಎಸ್‌ಪಿ:55. ಮೊದಲು 2001ರಲ್ಲಿ ಬಂತು, 2014ರಲ್ಲಿ ಪರಿಷ್ಕೃತವಾಯಿತು. ಅದು ಕಾಮಗಾರಿಯ ಜಾಗವನ್ನು ನಾಲ್ಕು ತುಂಡು ಮಾಡ್ತದ. ಮೊದಲು ಮುನ್ಸೂಚನೆಯ ಉದ್ದ, ‘ಮುಂದೆ ಕೆಲಸ ನಡೆದಿದೆ’ ಎಂದು ತಿಳಿಸುವ ಜಾಗ. ನಂತರ ವಾಹನಗಳನ್ನು ಒಂದು ಪಥದಿಂದ ಇನ್ನೊಂದಕ್ಕೆ ಸರಿಸುವ ಓರೆ ಭಾಗ, ಇದನ್ನು ಟೇಪರ್ ಅಂತೀವಿ. ಆಮೇಲೆ ಕೆಲಸದ ಜಾಗ, ಅದರ ಮುಂದೆ ಏನೂ ಇಡದ ಒಂದು ಖಾಲಿ ಪಟ್ಟಿ. ಕೊನೆಗೆ ವಾಹನ ಮತ್ತೆ ತನ್ನ ದಾರಿಗೆ ಮರಳುವ ಮುಕ್ತಾಯದ ಭಾಗ. ಹೆಸರು ಬಾಯಿಪಾಠ ಮಾಡುವುದು ಸುಲಭ. ಈ ಉದ್ದಗಳು ಯಾಕೆ ಬೇಕು ಅನ್ನೋದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರಿಗಿಂತ ಸ್ವಲ್ಪ ಹೆಚ್ಚು. ಚಾಲಕ ಅಡಚಣೆ ಕಂಡು, ತಿಳಿದು, ಬ್ರೇಕ್ ಮೇಲೆ ಕಾಲಿಡಲು ಎರಡೂವರೆ ಸೆಕೆಂಡು ಹಿಡೀತಾನ ಅಂತ ವಿನ್ಯಾಸದಲ್ಲಿ ಇಟ್ಟುಕೊಳ್ತೀವಿ. ಅಷ್ಟರಲ್ಲಿ ಗಾಡಿ 55 ಮೀಟರ್ ಹೋಗಿರ್ತದ. ಬ್ರೇಕ್ ಹಿಡಿದ ಮೇಲೆ, ಘರ್ಷಣೆಯ ಗುಣಾಂಕ 0.35 ಎಂದು ಹಿಡಿದರೆ, ಇನ್ನೊಂದು 72 ಮೀಟರ್. ಒಟ್ಟು 127 ಮೀಟರಿನ ಆಸುಪಾಸು. ಅದೇ ಗಾಡಿ 40ರಲ್ಲಿ ಬಂದಿದ್ದರೆ 46 ಮೀಟರಿನೊಳಗೆ ನಿಲ್ತಿತ್ತು. ವೇಗ ಅರ್ಧ ಆಯಿತು, ನಿಲ್ಲುವ ದೂರ ಮೂರನೇ ಒಂದು ಭಾಗಕ್ಕೆ ಇಳೀತು. ಇದು ಡಾಂಬರಿನ ಲೆಕ್ಕ. ಬದಲಿ ದಾರಿ ಯರಿ ಮಣ್ಣಿನ ಮೇಲೆ ಇದ್ದು, ಮೇಲೆ ತೆಳ್ಳಗೆ ಮುರುಮು ಹಾಕಿ, ಭಾದ್ರಪದದಲ್ಲಿ ಎರಡು ಮಳೆ ಬಿದ್ದರೆ ಆ 0.35 ಎಲ್ಲಿಂದ ಬರಬೇಕು?

ಈಗ ಟೇಪರ್. ಅಮೆರಿಕದ ಸಂಚಾರ ಕೈಪಿಡಿಯ ಸೂತ್ರದ ಪ್ರಕಾರ, 80ರ ವೇಗದಲ್ಲಿ ಮೂರೂವರೆ ಮೀಟರಿನ ಒಂದು ಪಥ ಮುಚ್ಚಬೇಕಾದರೆ ಸುಮಾರು 180 ಮೀಟರ್ ಓರೆ ಬೇಕು. ಅಂದರೆ ಚಾಲಕನಿಗೆ ಪಕ್ಕಕ್ಕೆ ಸರಿಯಲು ಎಂಟು ಸೆಕೆಂಡು ಸಿಗ್ತದ. ನಮ್ಮಲ್ಲಿ ಬಹಳ ಕಡೆ ನಾಲ್ಕು ಡ್ರಮ್ಮು ಸಾಲಾಗಿಟ್ಟು, ಹತ್ತು ಮೀಟರಿನೊಳಗೆ ರಸ್ತೆ ತಿರುಗಿಸಿ ಬಿಡ್ತಾರ. ಹತ್ತು ಮೀಟರಿಗೆ ಸಿಗುವ ಸಮಯ ಅರ್ಧ ಸೆಕೆಂಡಿಗಿಂತ ಕಡಿಮೆ. ಅಪಘಾತ ಆದಮೇಲೆ ಪಂಚನಾಮೆಯಲ್ಲಿ ‘ಚಾಲಕನ ಅತಿವೇಗ’ ಎಂದು ಬರೆಯುವುದು ವಾಡಿಕೆ. ಅತಿವೇಗ ಖರೆ, ಆದರೆ ಅರ್ಧ ಸೆಕೆಂಡು ಯಾರು ಕೊಟ್ಟರು ಅನ್ನೋ ಪ್ರಶ್ನೆಗೆ ಆ ಫಾರ್ಮಿನಲ್ಲಿ ಕಾಲಮ್ಮೇ ಇಲ್ಲ.

ಡ್ರಮ್ಮಿಗಿಂತ ಕಡೆಯದು ಕಲ್ಲು. ಸುಣ್ಣ ಬಳಿದ ಕಲ್ಲು, ಮೇಲೊಂದು ಜಾಲಿ ಕಂಟಿ. ಹಗಲು ಚೆನ್ನಾಗಿ ಕಾಣ್ತದ, ರಾತ್ರಿ ಕಾಣೋದಿಲ್ಲ. ಕಾರಣ ಸರಳ: ಸುಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ತದ, ಚಾಲಕನ ಕಣ್ಣಿಗೆ ಮರಳುವುದು ಅದರಲ್ಲಿ ಒಂದು ಚೂರು. ಪ್ರತಿಫಲಕ ಹಾಳೆಯಲ್ಲಿ ಸಣ್ಣ ಗಾಜಿನ ಮಣಿ ಅಥವಾ ಪಟ್ಟಕದ ಆಕಾರಗಳಿದ್ದು, ಬೆಳಕನ್ನು ಬಂದ ದಿಕ್ಕಿಗೇ, ಅಂದರೆ ಹೆಡ್‌ಲೈಟಿನ ಕಡೆಗೇ ತಿರುಗಿಸಿ ಕಳಿಸ್ತದ. ಅದಕ್ಕೇ ಅದು ದೂರದಿಂದ ಹೊಳೆಯೋದು. ಆದರೆ ಅದರ ಮೇಲೆ ಧೂಳು ಕೂತರೆ ಅದೂ ಸುಣ್ಣದ ಕಲ್ಲಿನಂಗ ಆಗ್ತದ. ಸೊಲ್ಲಾಪುರದ ಬೇಸಿಗೆಯಲ್ಲಿ ಎರಡು ದಿನ ಒರೆಸದೆ ಬಿಟ್ಟ ಫಲಕ ನೋಡಿ, ಗೊತ್ತಾಗ್ತದ. ಫಲಕ ನಿಲ್ಲಿಸಿದ ಲೆಕ್ಕ ಎಲ್ಲರೂ ಇಡ್ತಾರ, ಒರೆಸಿದ ಲೆಕ್ಕ ಯಾರೂ ಇಡೋದಿಲ್ಲ. ಇನ್ನೊಂದು, ಪ್ಲಾಸ್ಟಿಕ್ ಕೋನಿಗೆ ಗಾಡಿ ಬಡಿದರೆ ಕೋನು ಹಾರಿಹೋಗ್ತದ. ಕಲ್ಲಿಗೆ ಬೈಕು ಬಡಿದರೆ ಮನುಷ್ಯ ಹಾರ್ತಾನ. ಕೆಲಸ ಮುಗಿದ ಮೇಲೂ ಕಲ್ಲು ಅಲ್ಲೇ ಉಳೀತದ.

ಇನ್ನು ನನಗೆ ಎಲ್ಲಕ್ಕಿಂತ ಅಪಾಯದ್ದು ಅನಿಸಿದ್ದು ಬದಿ ಬದಲಿಸುವ ಜಾಗಗಳು. ಚತುಷ್ಪಥ ಮಾಡುವ ಕ್ರಮ ಸಾಮಾನ್ಯವಾಗಿ ಹೀಗಿರ್ತದ: ಹಳೆಯ ರಸ್ತೆಯ ಪಕ್ಕ ಹೊಸ ಎರಡು ಪಥ ಕಟ್ಟುವುದು, ಎರಡೂ ದಿಕ್ಕಿನ ಸಂಚಾರವನ್ನು ಅದರ ಮೇಲೆ ಬಿಟ್ಟು ಹಳೆಯದನ್ನು ಅಗೆಯುವುದು. ಕೆಲಸ ಒಂದೇ ಸಮನೆ ಸಾಗೋದಿಲ್ಲ. ಒಂದು ಕಡೆ ಸೇತುವೆ ಆಗಿರೋದಿಲ್ಲ, ಇನ್ನೊಂದು ಕಡೆ ಭೂಸ್ವಾಧೀನ ನಿಂತಿರ್ತದ. ಹಾಗಾಗಿ ನಾಲ್ಕು ಕಿ.ಮೀ. ಪೂರ್ತಿ ಚತುಷ್ಪಥ, ಆಮೇಲೆ ಎರಡು ಕಿ.ಮೀ. ಒಂದೇ ಬದಿಯಲ್ಲಿ ಎದುರುಬದುರು ಸಂಚಾರ, ಮತ್ತೆ ಚತುಷ್ಪಥ. ಚಾಲಕ ಮೊದಲ ನಾಲ್ಕು ಕಿ.ಮೀ.ಯಲ್ಲಿ ಕಲಿತದ್ದು ಏನು? ‘ಈ ಎರಡೂ ಪಥ ನನ್ನವೇ, ಎದುರಿನಿಂದ ಯಾರೂ ಬರೋದಿಲ್ಲ.’ ಹೊಸ ಡಾಂಬರು, ಅಗಲ ಅದೇ, ಬಣ್ಣ ಅದೇ. ಬದಿ ಬದಲಾದದ್ದು ರಾತ್ರಿ ಅವನ ಕಣ್ಣಿಗೆ ಬಿದ್ದರೂ ತಲೆಗೆ ಇಳಿಯೋದಿಲ್ಲ. ಬಲಕ್ಕೆ ಎಳೆದು ಓವರ್‌ಟೇಕ್ ಮಾಡ್ತಾನ. ಎದುರಿನವನೂ ಅದೇ ಪಾಠ ಕಲಿತು ಬಂದವನು. ಅಮೆರಿಕದ ಅಧ್ಯಯನಗಳಲ್ಲಿ ಕಾಮಗಾರಿ ವಲಯದ ಮುಖ್ಯ ಅಪಘಾತ ಹಿಂದಿನಿಂದ ಗುದ್ದುವುದು. ನಮ್ಮಲ್ಲಿ ಮುಖಾಮುಖಿ ಡಿಕ್ಕಿಗೂ ಅಷ್ಟೇ ಗಮನ ಕೊಡಬೇಕು ಅನ್ನೋದು ನನ್ನ ವಾದ. ಇಲ್ಲಿ ಪಥಗಳ ನಡುವೆ ಸಾಲಾಗಿ ಕೋನು ಅಥವಾ ಬಾಗುವ ಕಂಬ ಬೇಕು, ಮೇಲುಮುಖ–ಕೆಳಮುಖ ಬಾಣದ ಫಲಕ ಮತ್ತೆ ಮತ್ತೆ ಬರಬೇಕು. ಪ್ರವೇಶದಲ್ಲಿ ಒಂದು ಫಲಕ ಇಟ್ಟು ಸುಮ್ಮನಾದರೆ ಸಾಲದು.

ಕೈಪಿಡಿಗಳು ಮರೆಯುವ ಜನರ ಬಗ್ಗೆ ಈಗ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ದ್ವಿಚಕ್ರ ವಾಹನದವರೇ 74,897, ಪಾದಚಾರಿಗಳು 32,825. ಅಂದರೆ ಮೂರರಲ್ಲಿ ಇಬ್ಬರಿಗೆ ತಗಡಿನ ಗೋಡೆಯೂ ಇರಲಿಲ್ಲ. ನಮ್ಮ ರಸ್ತೆಗೆ ಬಂದರೆ, ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ, ಗುರುಪೌರ್ಣಿಮೆಗೆ ಜನ ನಡೆದು ಬರ್ತಾರ, ಪಾಲಖಿ ಹೊತ್ತು ದೂರದ ಊರಿನಿಂದ ಬರ್ತಾರ. ಬಿಸಿಲು ತಪ್ಪಿಸಲು ಅವರು ನಡೆಯುವುದು ನಸುಕಿನಲ್ಲಿ ಇಲ್ಲವೆ ರಾತ್ರಿ. ನಡೆಯುವುದು ರಸ್ತೆಯ ಅಂಚಿನ ಮಣ್ಣಿನ ಮೇಲೆ. ಅಗಲೀಕರಣದಲ್ಲಿ ಮೊದಲು ಅಗೆಯೋದು ಅದೇ ಅಂಚನ್ನು! ಅಂಚು ಹೋದಮೇಲೆ ಕಾಲ್ನಡಿಗೆಯವರು ಡಾಂಬರಿಗೆ ಏರ್ತಾರ, ಲಾರಿಯ ಪಕ್ಕಕ್ಕೆ. ಪಾದಚಾರಿ ದಾರಿ ಎಂಬುದನ್ನು ನಾವು ಪೇಟೆಯ ಸಂಗತಿ ಅಂತ ತಿಳಿದೀವಿ. ಅಕ್ಕಲಕೋಟದ ರಸ್ತೆಯಲ್ಲಿ ಅದು ಹೆದ್ದಾರಿಯ ಸಂಗತಿ. ಯಾತ್ರೆಯ ದಿನಗಳು ಪಂಚಾಂಗದಲ್ಲೇ ಇರ್ತಾವ, ಕಾಮಗಾರಿಯ ವೇಳಾಪಟ್ಟಿಗೆ ಅವನ್ನು ಸೇರಿಸುವುದು ಕಷ್ಟದ ಮಾತಲ್ಲ.

ಕಬ್ಬಿನ ಹಂಗಾಮು ಇನ್ನೊಂದು. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು, ಹಿಂದೆ ದೀಪ ಇಲ್ಲ. ಅಂಥದ್ದು ಕಿರಿದಾದ ಬದಲಿ ದಾರಿಗೆ ಇಳಿದರೆ ಹಿಂದೆ ಬರುವ ಕಾರಿಗೆ ವೇಗದ ಅಂತರವೇ ಅಪಾಯ.

ಭಾಷೆಯ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡ್ತೀನಿ. ಫಲಕ ಮರಾಠಿ, ಇಂಗ್ಲಿಷಿನಲ್ಲಿ ಇರ್ತಾವ. ಗಡಿಯಾಚೆಯಿಂದ ಬರುವ ಚಾಲಕನಿಗೆ, ಕನ್ನಡ ಶಾಲೆಯಲ್ಲಿ ಓದಿದ ಇಲ್ಲಿನ ಹಿರಿಯರಿಗೆ ಉದ್ದದ ವಾಕ್ಯ ಓದುತ್ತ ಕೂಡಲು ಆಗೋದಿಲ್ಲ. ಅಕ್ಷರ ಕಡಿಮೆ, ಚಿತ್ರ ದೊಡ್ಡದು ಇದ್ದರೆ ಈ ತಕರಾರೇ ಹುಟ್ಟೋದಿಲ್ಲ.

ಹಣದ ಲೆಕ್ಕಕ್ಕೆ ಮರಳೋಣ. ಒಟ್ಟು ಮೊತ್ತದ ಗುತ್ತಿಗೆಯಲ್ಲಿ ಡಾಂಬರಿಗೆ, ಕಾಂಕ್ರೀಟಿಗೆ ಅಳತೆ ಇದೆ, ಪರೀಕ್ಷೆ ಇದೆ. ಕೋನು, ದೀಪ, ಬಾವುಟದ ಕೆಲಸಗಾರ — ಇವೆಲ್ಲ ‘ಒಳಗೊಂಡಿದೆ’ ಎಂಬ ಒಂದು ಪದದಲ್ಲಿ ಮುಳುಗಿಹೋಗ್ತಾವ. ಇಡದ ಪ್ರತಿ ಕೋನೂ ಗುತ್ತಿಗೆದಾರನಿಗೆ ಉಳಿತಾಯ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಬಂತು: ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಆಗಲಿ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೊದಲ ಬಾರಿಗೆ ಹೊಣೆ ರಸ್ತೆ ಕಟ್ಟಿದವರ ಕಡೆಗೂ ತಿರುಗಿತು, ಅದು ದೊಡ್ಡ ಮಾತು. ಆದರೆ ನೂರಾರು ಕೋಟಿಯ ಕೆಲಸಕ್ಕೆ ಒಂದು ಲಕ್ಷದ ಮಿತಿ ಅಂಕುಶ ಆಗೋದಿಲ್ಲ. ನನ್ನ ಪ್ರಕಾರ ದಂಡಕ್ಕಿಂತ ಬಿಲ್ಲು ಪರಿಣಾಮಕಾರಿ. ಸಂಚಾರ ನಿರ್ವಹಣೆಯನ್ನು ಬೇರೆ ಬಾಬ್ತು ಮಾಡಿ, ಪ್ರತಿ ತಿಂಗಳು ರಾತ್ರಿ ತಪಾಸಣೆ ಮಾಡಿ, ಇದ್ದಷ್ಟಕ್ಕೆ ಮಾತ್ರ ಹಣ ಕೊಡಬೇಕು. ತಪಾಸಣೆ ರಾತ್ರಿಯೇ ಆಗಬೇಕು, ಇದನ್ನು ಎರಡು ಸಲ ಹೇಳ್ತೀನಿ.

ಪ್ರಶ್ನೆ (ಅಧ್ಯಾಪಕರೊಬ್ಬರು): ಬಾವುಟ ಹಿಡಿದವರ ಬಗ್ಗೆ ಹೇಳಲಿಲ್ಲವಲ್ಲ?

ಹೌದು ಸರ್. ಒಂದೇ ಪಥದಲ್ಲಿ ಸರದಿಯಂತೆ ಬಿಡುವಾಗ ಎರಡು ತುದಿಯವರು ಒಬ್ಬರಿಗೊಬ್ಬರು ಕಾಣಿಸಬೇಕು. ಕಾಣಿಸದಿದ್ದರೆ ಹಳೆಯ ಏಕಮಾರ್ಗ ರೈಲಿನಂಗ ಟೋಕನ್ ಇಡಬಹುದು: ಕೊನೆಯ ಗಾಡಿಯವನ ಕೈಗೆ ಕೋಲು ಕೊಟ್ಟು ಕಳಿಸುವುದು, ಅದು ಆ ತುದಿ ಮುಟ್ಟಿದ ಮೇಲೆ ಮಾತ್ರ ಎದುರಿನವರನ್ನು ಬಿಡುವುದು. ಮೊಬೈಲಿಗೆ ರೇಂಜ್ ಇಲ್ಲ ಅನ್ನೋ ನೆಪ ಅದಕ್ಕಿಲ್ಲ.

ಪ್ರಶ್ನೆ (ವಿದ್ಯಾರ್ಥಿನಿ): ನಮ್ಮ ಪ್ರಾಜೆಕ್ಟಿಗೆ ರಾಡಾರ್ ಗನ್ ಇಲ್ಲ. ವೇಗ ಹೆಂಗ ಅಳೀಬೇಕು?

ಬೇಕಾಗಿಲ್ಲಮ್ಮ. ರಸ್ತೆ ಬದಿಯಲ್ಲಿ 50 ಮೀಟರ್ ಅಂತರಕ್ಕೆ ಎರಡು ಗುರುತು ಮಾಡಿ, ಮೊಬೈಲಿನಲ್ಲಿ ವಿಡಿಯೊ ತೆಗೆದು, ಆಮೇಲೆ ಕೂತು ಫ್ರೇಮ್ ಎಣಿಸಿ. ಎರಡೂಕಾಲು ಸೆಕೆಂಡಿನಲ್ಲಿ ದಾಟಿದರೆ ಅದು 80ರ ಗಾಡಿ, ನಾಲ್ಕೂವರೆ ಸೆಕೆಂಡಾದರೆ 40ರದು. ಫಲಕಕ್ಕಿಂತ ಮೊದಲು ಒಂದು ಕಡೆ, ಟೇಪರ್ ಶುರುವಾಗುವಲ್ಲಿ ಒಂದು ಕಡೆ ಅಳೀರಿ, ಫಲಕ ಏನಾದರೂ ಕೆಲಸ ಮಾಡಿತೇ ಅಂತ ಆಗ ಗೊತ್ತಾಗ್ತದ. ಜಾಕೆಟ್ ಹಾಕಿಕೊಳ್ರಿ, ಅದು ಬಿಡೋ ಹಂಗಿಲ್ಲ. ಆದರೆ ಅದನ್ನು ಕಂಡ ಕೂಡಲೇ ಚಾಲಕರು ವೇಗ ಇಳಿಸ್ತಾರ. ಅದಕ್ಕ ರಸ್ತೆಯಿಂದ ದೂರ, ಗಿಡದ ಹಿಂದೆ ನಿಂತು ಕ್ಯಾಮೆರಾ ಹಿಡೀರಿ.