ಡ್ರೋನ್ ತರುವ ಪೊಟ್ಟಣ ಯಾರ ಕೈಗೆ?



ನೆರೆ ಪರಿಹಾರದಲ್ಲಿ ಡ್ರೋನ್ ಬಳಸುವ ಮಾತು ಸಭೆಯಲ್ಲಿ ಬಂದಾಗ ಒಬ್ಬ ಸದಸ್ಯೆ, "ಸಿಸ್ಟರ್, ಮದುವೆಯಲ್ಲಿ ತಲೆ ಮೇಲೆ ಹಾರ್ತಾ ಫೋಟೋ ತೆಗೆಯುತ್ತಲ್ಲ, ಅದೇ ತಾನೆ?" ಅಂತ ಕೇಳಿದರು. ಅದೇ ಜಾತಿಯದು. ಆದರೆ ಹೊರೆ ಹೊರುವ ಡ್ರೋನ್ ದೊಡ್ಡದು, ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್‌ನಷ್ಟು. ನಡೆಸುವವರು ನೆಲದ ಮೇಲೆ ರಿಮೋಟ್ ಹಿಡಿದು ನಿಂತಿರುತ್ತಾರೆ.

2024ರ ಜುಲೈ 30ರಂದು ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು ಸೇತುವೆಯೂ ಕೊಚ್ಚಿಹೋಯಿತು. ಅಲ್ಲಿ ಹುಡುಕಾಟ ನಡೆಸುತ್ತಿದ್ದವರಿಗೆ ಡ್ರೋನ್‌ನಲ್ಲಿ ಊಟ ಕಳಿಸಿದರು, ಒಂದು ಸಲಕ್ಕೆ ಸುಮಾರು ಹತ್ತು ಜನರದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಆಂಧ್ರದ ವಿಜಯವಾಡದಲ್ಲಿ ಬುಡಮೇರು ಹಳ್ಳ ಉಕ್ಕಿ ಬಡಾವಣೆಗಳಿಗೆ ನುಗ್ಗಿದಾಗ, ತಾರಸಿಗಳಲ್ಲಿ ಸಿಕ್ಕಿಕೊಂಡವರಿಗೆ ಊಟ, ನೀರು, ಔಷಧಿ ಹೀಗೆಯೇ ತಲುಪಿತು. ಒಂದು ಡ್ರೋನ್ ಹೊತ್ತದ್ದು 8ರಿಂದ 10 ಕಿಲೋ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ಲೆಕ್ಕ ನಿಮಗೆ ಹೊಸದಲ್ಲ. 50 ಕಿಲೋ ಅಕ್ಕಿ ಮೂಟೆಗೆ ಐದು ಸುತ್ತು ಬೇಕು. ಒಂದು ಲೀಟರಿನ ಹತ್ತು ನೀರಿನ ಬಾಟಲಿ ಇಟ್ಟರೆ ಮುಗಿಯಿತು. ಹೊರೆ ಹೊತ್ತಾಗ ಬ್ಯಾಟರಿ ಸಾಮಾನ್ಯವಾಗಿ ಅರ್ಧ ಗಂಟೆಯೂ ಬರುವುದಿಲ್ಲ. ಜೋರು ಗಾಳಿ ಮಳೆಯಲ್ಲಿ ಹಾರಿಸುವುದೂ ಕಷ್ಟ. ಆದ್ದರಿಂದ ಅಕ್ಕಿ, ಚಾಪೆ, ಹೊದಿಕೆ ದೋಣಿಯಲ್ಲೇ, ಲಾರಿಯಲ್ಲೇ ಹೋಗಬೇಕು. ಡ್ರೋನ್ ಇರುವುದು ಹಗುರವಾದ, ತುರ್ತಾದ ವಸ್ತುಗಳಿಗೆ: ಸಕ್ಕರೆ ಕಾಯಿಲೆಯವರ ಇನ್ಸುಲಿನ್, ಬಿ.ಪಿ. ಮಾತ್ರೆ, ಮಗುವಿನ ಹಾಲಿನ ಪುಡಿ, ಓ.ಆರ್.ಎಸ್.

ನಮಗಿರುವ ಚಿಂತೆ ಬೇರೆ. ದೋಣಿಯಲ್ಲಿ ಹಂಚುವಾಗಲೂ ನಾವು ನೋಡಿದ್ದೇವೆ, ಕೂಗುವವರ ಕೈಗೆ ಮೊದಲು ಸಿಗುತ್ತೆ. ಮೇಲಿನಿಂದ ಬರುವ ಡ್ರೋನ್‌ಗಂತೂ ತಾರಸಿಯಲ್ಲಿ ಕೈಬೀಸುವವರೇ ಕಾಣುವುದು. ಒಳಗೆ ಮಲಗಿರುವ ಅಜ್ಜಿ, ಬಾಣಂತಿ ಕಾಣುವುದಿಲ್ಲ. ಅವರು ಯಾವ ಮನೆಯಲ್ಲಿದ್ದಾರೆ ಅಂತ ಗೊತ್ತಿರುವುದು ನಿಮಗೆ ಮಾತ್ರ. ಅಧಿಕಾರಿಗಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಮಳೆಗಾಲಕ್ಕೆ ಮುಂಚೆ ಪ್ರತಿ ಸಂಘವೂ ಒಂದು ಪಟ್ಟಿ ಬರೆಯಬೇಕೆಂದು ಕೇಳುವುದು ಇದಕ್ಕೇ. ಗರ್ಭಿಣಿಯರು, ಎದ್ದು ಓಡಾಡಲಾಗದವರು, ದಿನವೂ ತೆಗೆದುಕೊಳ್ಳುವ ಔಷಧಿಯ ಹೆಸರು ಬರೆಯಿರಿ. ಮೇಲಿನಿಂದ ಮನೆ ನಂಬರ್ ಕಾಣುವುದಿಲ್ಲ. ಶಾಲೆಯಿಂದ ಎಷ್ಟನೇ ಮನೆ, ಹೆಂಚೋ ತಗಡೋ ತಾರಸಿಯೋ ಅದನ್ನೂ ಸೇರಿಸಿ. ಹೆಂಚಿನ ಮಾಡಿನ ಮೇಲೆ ಪೊಟ್ಟಣ ಇಳಿಸಲು ಆಗದು. ವಿದ್ಯುತ್ ತಂತಿ, ತೆಂಗಿನ ಮರ ಅಡ್ಡ ಬರದ ಒಂದು ತಾರಸಿ ಅಥವಾ ಅಂಗಳವನ್ನು ಈಗಲೇ ಗುರುತಿಸಿ, ಅಲ್ಲಿಂದ ಯಾರ ಮನೆಗೆ ಯಾರು ಒಯ್ಯುವುದು ಅಂತ ಮಾತಾಡಿಕೊಳ್ಳಿ.

ಇನ್ನು ನಡೆಸುವುದು ಗಂಡಸರ ಕೆಲಸ ಅಂದುಕೊಳ್ಳಬೇಡಿ. ಗೊಬ್ಬರ, ಔಷಧಿ ಸಿಂಪಡಿಸಲು 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಗೆ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 15 ದಿನಗಳ ತರಬೇತಿಯೂ ಅದರಲ್ಲಿ ಸೇರಿತ್ತು.

ಪಟ್ಟಿಯ ಎರಡು ಪ್ರತಿ ಮಾಡಿ, ಒಂದನ್ನು ಪಂಚಾಯ್ತಿಗೆ ಕೊಡಿ. ಇನ್ನೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಡಿ. ನೀರು ಬಂದಾಗ ಮೊದಲು ಒದ್ದೆಯಾಗುವುದು ಸಂಘದ ಪುಸ್ತಕಗಳೇ.