ಮೀನಿಗೆ ಮಳೆ ಬಂತು ಅಂತ ಹೇಳೋದು ಯಾರು?



ಹೋದ ಸಲದ ಗೋಡೆ ಪತ್ರಿಕೆಯಲ್ಲಿ ರಂಗನತಿಟ್ಟಿಗೆ ಹಕ್ಕಿಗಳು ವಲಸೆ ಬರುವ ಬಗ್ಗೆ ಒಂದು ಲೇಖನ ಇತ್ತು. ಅದನ್ನು ಓದಿ ನಾನು “ನಮ್ಮ ಹೊಳೇಲಿ ಮೀನೂ ವಲಸೆ ಹೋಗ್ತವೆ” ಎಂದೆ. ತರಗತಿಯಲ್ಲಿ ಎಲ್ಲರೂ ನಕ್ಕರು. ಮೀನು ನೀರೊಳಗೇ ಇರ್ತದೆ, ಅದೆಲ್ಲಿಗೆ ಹೋಗ್ತದೆ ಅಂತ. ವಿಜ್ಞಾನದ ಮೇಷ್ಟ್ರು ಮಾತ್ರ ನಗಲಿಲ್ಲ. “ಮುಂದಿನ ಸಲ ನೀನೇ ಬರಿಯವ್ವ” ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಕೊಟ್ಟಿದ್ದು ಒಂದೇ ಡ್ರಾಯಿಂಗ್ ಹಾಳೆ, ಆದ್ದರಿಂದ ಅಕ್ಷರ ಸಣ್ಣದಾಗಿದೆ. ಹತ್ತಿರ ನಿಂತು ಓದಿ.

ನಮ್ಮೂರು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಕಪಿಲಾ ಹೊಳೆಯ ದಡದಲ್ಲಿದೆ ಎಂಬುದು ನಿಮಗೆಲ್ಲ ಗೊತ್ತು. ಕಪಿಲಾ, ಕಬಿನಿ ಎರಡೂ ಒಂದೇ ಹೊಳೆ. ಕೇರಳದ ವಯನಾಡಿನಲ್ಲಿ ಹುಟ್ಟಿ, ಎಚ್.ಡಿ. ಕೋಟೆ ಕಡೆಯಿಂದ ನಂಜನಗೂಡಿಗೆ ಬಂದು, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ನಮ್ಮ ತಾತ ಈ ಹೊಳೆಯಲ್ಲಿ ತೆಪ್ಪ ಹಾಕಿ ಬಲೆ ಬಿಟ್ಟು ಸಂಸಾರ ಸಾಕಿದವರು. ಅಪ್ಪ ಬಲೆ ಮುಟ್ಟುವುದಿಲ್ಲ, ಬೆಳಿಗ್ಗೆ ಬಸ್ಸಿಗೆ ಫ್ಯಾಕ್ಟರಿಗೆ ಹೋಗುತ್ತಾರೆ. ಮೀನಿನ ವಿಷಯ ನನಗೆ ಗೊತ್ತಿರುವುದು ಅರ್ಧ ತಾತನಿಂದ, ಇನ್ನರ್ಧ ಮೇಷ್ಟ್ರು ಕೊಟ್ಟ ಪುಸ್ತಕಗಳಿಂದ.

ತಾತ ಹೇಳುವುದು ಹೀಗೆ: “ಹೊಸ ನೀರು ಬಂದು ಹೊಳೆ ಕೆಂಪಾಯ್ತು ಅಂದ್ರೆ ಮೀನೆಲ್ಲಾ ಮೇಲಕ್ಕೆ ಮಕ ಮಾಡ್ತವೆ ಕಣ್ ಕೂಸೆ. ಆಗ ಅವು ಬಲೆಗೂ ಹೆದರಲ್ಲ, ಜನಕ್ಕೂ ಹೆದರಲ್ಲ.” ಇದೇ ಮೀನಿನ ವಲಸೆ. ಬೇಸಿಗೆಯಲ್ಲಿ ಮೀನು ಆಳವಾದ ಮಡುಗಳಲ್ಲಿ ಇರುತ್ತವೆ. ಮುಂಗಾರಿನಲ್ಲಿ ನೀರು ಏರಿದಾಗ ಗೆಂಡೆ, ಬಾಳೆಮೀನು ಇಂಥವು ಹೊಳೆಗೆ ಎದುರಾಗಿ ಈಜಿ ಹಳ್ಳಗಳಿಗೂ ನೀರು ನಿಂತ ಗದ್ದೆ ಬಯಲಿಗೂ ನುಗ್ಗಿ ಮೊಟ್ಟೆ ಇಡುತ್ತವೆ. ಅಲ್ಲಿ ನೀರು ತೆಳ್ಳಗಿರುತ್ತದೆ, ಸೆಳೆತ ಇರುವುದಿಲ್ಲ, ಮರಿಗಳಿಗೆ ಹುಳ ಹುಪ್ಪಟೆ ಬೇಕಾದಷ್ಟು ಸಿಗುತ್ತದೆ. ನೀರು ಇಳಿಯುವಾಗ ಮರಿಗಳು ಹೊಳೆಗೆ ವಾಪಸ್ ಬರುತ್ತವೆ. ಹೊಳೆ ಹುಟ್ಟುವ ವಯನಾಡಿನ ಕಡೆಯೂ ಮೊದಲ ಮಳೆಗೆ ಮೀನು ಹತ್ತುತ್ತವೆ. ಅದಕ್ಕೆ ಮಲಯಾಳದಲ್ಲಿ ‘ಊತ್ತ’ ಎನ್ನುತ್ತಾರಂತೆ. ಮೊಟ್ಟೆ ತುಂಬಿದ ಮೀನು ಹಿಡಿದುಬಿಡುತ್ತಾರೆ ಎಂದು ಕೇರಳದಲ್ಲಿ ಆಗ ಹಿಡಿಯುವುದನ್ನು ಕಾನೂನು ಮಾಡಿ ನಿಲ್ಲಿಸಿದ್ದಾರೆ.

ಈಗ ನನ್ನ ಪ್ರಶ್ನೆ. ಮೀನಿಗೆ ಕ್ಯಾಲೆಂಡರ್ ಇಲ್ಲ, ರೇಡಿಯೋ ಇಲ್ಲ. ಮಳೆಗಾಲ ಬಂತು, ಈಗ ಹೊರಡಬೇಕು ಅಂತ ಅದಕ್ಕೆ ಯಾರು ಹೇಳುತ್ತಾರೆ?

ಉತ್ತರ ಎರಡು ಮೆಟ್ಟಿಲಿನದು. ಮೊದಲನೆಯದು ಹಗಲು. ಮಾರ್ಚಿಯಿಂದ ಹಗಲು ಉದ್ದವಾಗುತ್ತಾ, ನೀರು ಬೆಚ್ಚಗಾಗುತ್ತಾ ಹೋದಂತೆ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತದೆ. ಆದರೆ ಬಲಿತ ಕೂಡಲೇ ಇಡುವುದಿಲ್ಲ, ಕಾಯುತ್ತದೆ. ಎರಡನೆಯದು ಹೊಸ ನೀರು. ನೀರಿನ ಮಟ್ಟ ಏರಬೇಕು, ಸೆಳೆತ ಹೆಚ್ಚಬೇಕು, ನೀರು ಸ್ವಲ್ಪ ತಣ್ಣಗಾಗಿ ಮಣ್ಣು ಕಲಸಿ ಕದಡಬೇಕು. ಇದೆಲ್ಲ ಒಟ್ಟಿಗೆ ಆದಾಗ ಮೀನಿನ ಮೆದುಳಿನ ಕೆಳಗಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿಂದ ರಸ ಹೊರಡುತ್ತದೆ. ಆಗ ಮೊಟ್ಟೆ ಇಡುತ್ತದೆ. ನೀರು ಬರಲೇ ಇಲ್ಲ ಎಂದರೆ? ಆ ಮೊಟ್ಟೆಗಳು ಹೊಟ್ಟೆಯಲ್ಲೇ ಕರಗಿ ಹೋಗುತ್ತವೆ. ಆ ವರ್ಷ ಅದಕ್ಕೆ ಮರಿಯಿಲ್ಲ.

ಕಾಟ್ಲಾ, ರೋಹು ಮೀನನ್ನು ಕೆರೆಗೆ ಬಿಟ್ಟರೆ ದೊಡ್ಡದಾಗುತ್ತವೆ, ಆದರೆ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕಾರಣ ಇದೇ. 1957ರ ಜುಲೈ 10ರಂದು ಒಡಿಶಾದ ಕಟಕ್‌ನಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಪಿಟ್ಯುಟರಿ ರಸವನ್ನು ಚುಚ್ಚುಮದ್ದಿನಂತೆ ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಂದರೆ ಹೊಸ ನೀರು ಮಾಡುವ ಕೆಲಸವನ್ನು ಸೂಜಿಯಿಂದ ಮಾಡಿಸಿದರು. ಆ ದಿನವನ್ನು ಈಗ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ನಮ್ಮೂರ ಕೆರೆಗೆ ಬಿಡುವ ಕಾಟ್ಲಾ ಮರಿಗಳೆಲ್ಲ ಇಂಥ ಸೂಜಿಯ ಮಕ್ಕಳು. ಹೊಳೆಯ ಗೆಂಡೆಗೆ ಸೂಜಿ ಹಾಕುವವರು ಯಾರೂ ಇಲ್ಲ. ಅದು ಮಳೆಯನ್ನೇ ನಂಬಬೇಕು.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. 2024ರ ಮೇ ತಿಂಗಳು, ಬೇಸಿಗೆ ರಜ. ಹಿಂದಿನ ವರ್ಷ ಬರಗಾಲ, ನಮ್ಮ ಹಳ್ಳ ಒಣಗಿ ಕ್ರಿಕೆಟ್ ಆಡುವಂತಾಗಿತ್ತು. ಕೃತ್ತಿಕೆ ಮಳೆಯ ಒಂದು ರಾತ್ರಿ ಗುಡುಗು ಸಿಡಿಲು ಸೇರಿ ಎಂಥ ಮಳೆ ಹುಯ್ಯಿತು ಎಂದರೆ, ಬೆಳಿಗ್ಗೆ ಹಳ್ಳ ಕೆಂಪಗೆ ಹರಿದು ಹೊಳೆಗೆ ಬೀಳುತ್ತಿತ್ತು. ಹುಡುಗರು “ಮೀನ್ ಹತ್ತದೆ, ಮೀನ್ ಹತ್ತದೆ” ಅಂತ ಕೂಗುತ್ತಾ ಓಡಿದರು. ನಾನೂ ಓಡಿದೆ. ಹಳ್ಳ ಹೊಳೆಗೆ ಸೇರುವ ಕಡೆ ಕಲ್ಲಿನ ಮೇಲೆ ನೀರು ಬೀಳುವಲ್ಲಿ ಗೆಂಡೆಗಳು ಹಾರಿ ಹಾರಿ ಹತ್ತುತ್ತಿದ್ದವು. ಬಿಸಿಲಿಗೆ ಹೊಟ್ಟೆ ಫಳಫಳ ಅನ್ನುತ್ತಿತ್ತು. ಬಿದ್ದರೂ ಬಿಡದೆ ಮತ್ತೆ ಹಾರುತ್ತಿದ್ದವು.

ಮಾರನೇ ದಿನ ಮಳೆ ಇಲ್ಲ. ಅದರ ಮಾರನೇ ದಿನವೂ ಇಲ್ಲ, ಸುಡುವ ಬಿಸಿಲು. ಹಳ್ಳ ಹರಿಯುವುದು ನಿಂತು ಗುಂಡಿ ಗುಂಡಿ ಆಯಿತು. ಹತ್ತಿದ ಮೀನುಗಳು ಕೆಳಕ್ಕೂ ಹೋಗಲಾಗದೆ ಗುಂಡಿಗಳಲ್ಲಿ ಉಳಿದವು. ಊರಿನವರು ಮಕ್ಕರಿ, ಸೀರೆ, ಸೊಳ್ಳೆ ಪರದೆ, ಸಿಕ್ಕಿದ್ದು ತಗೊಂಡು ಬಂದರು. ನಾನೂ ಒಂದು ಬಕೆಟ್ ತುಂಬಾ ಹಿಡಿದು ತಂದೆ. ಸುಳ್ಳು ಹೇಳುವುದಿಲ್ಲ, ಆವತ್ತು ನನಗೆ ತುಂಬಾ ಖುಷಿಯಾಗಿತ್ತು. ಅಜ್ಜಿ ಕುಡುಗೋಲಿನಲ್ಲಿ ಹೊಟ್ಟೆ ಸೀಳಿದರೆ ಒಳಗೆ ನವಣೆ ಕಾಳಿನ ಹಾಗೆ ಮೊಟ್ಟೆ, ಮೊಟ್ಟೆ, ಬರೀ ಮೊಟ್ಟೆ. ಒಂದೊಂದು ಮೀನಲ್ಲೂ ಸಾವಿರಗಟ್ಟಲೆ. ನಾವೆಲ್ಲ ಸಾರು ಉಂಡೆವು. ತಾತ ಉಣ್ಣಲಿಲ್ಲ. “ಇವು ಮೋಸ ಹೋದೊ. ಆರಿದ್ರಾ ಮಳೇಲಿ ಬರ್ಬೇಕಾದ ನೀರು ಕೃತ್ತಿಕೇಲಿ ಬಂತು” ಅಂದು ಮಜ್ಜಿಗೆ ಅನ್ನ ಉಂಡು ಎದ್ದರು.

ಕೃತ್ತಿಕೆಯಲ್ಲಿ ಮಳೆ ಮೊದಲೂ ಬರುತ್ತಿತ್ತಂತೆ. ಆದರೆ ಅದು ಉಳುವುದಕ್ಕೆ ನೆಲ ನೆನೆಸುವ ಮಳೆ, ಹಳ್ಳ ತುಂಬಿಸುವ ಮಳೆಯಲ್ಲ ಎಂದು ತಾತ ಹೇಳುತ್ತಾರೆ. ಆ ವರ್ಷ ಜುಲೈನಲ್ಲಿ ನಿಜವಾದ ನೀರು ಬಂತು. ನಂಜನಗೂಡಿನ ಸ್ನಾನಘಟ್ಟದ ಹತ್ತಿರ ಹದಿನಾರು ಕಾಲು ಮಂಟಪಕ್ಕೂ ನೀರು ನುಗ್ಗಿತು. ತಾತ ಹಳ್ಳದ ಬಾಯಲ್ಲಿ ಮೂರು ರಾತ್ರಿ ಕೂಳಿ ಇಟ್ಟರು. ಬಿದ್ದದ್ದು ಒಂದು ಹಿಡಿ ಮೀನು. ಮೇ ತಿಂಗಳಲ್ಲಿ ನಾವು ಹಿಡಿದದ್ದೇ ಇದಕ್ಕೆ ಕಾರಣ ಎಂದು ಖಡಾಖಂಡಿತವಾಗಿ ಹೇಳಲು ಆಗುವುದಿಲ್ಲ, ಆದರೆ ನನಗೆ ಹಾಗೇ ಅನ್ನಿಸಿತು.

ಮೇಷ್ಟ್ರ ಹತ್ತಿರ ಇದನ್ನು ಹೇಳಿದಾಗ ಅವರು ಮುಂಗಾರು ಕೇರಳಕ್ಕೆ ಬಂದ ದಿನಗಳನ್ನು ಬೋರ್ಡಿನ ಮೇಲೆ ಬರೆದರು. ವಾಡಿಕೆ ಜೂನ್ 1. 2023ರಲ್ಲಿ ಜೂನ್ 8, 2024ರಲ್ಲಿ ಮೇ 30, 2025ರಲ್ಲಿ ಮೇ 24. 2023ರ ಆಗಸ್ಟ್ ತಿಂಗಳಂತೂ 1901ರಿಂದ ಇಡೀ ದೇಶದಲ್ಲೇ ಅತಿ ಒಣ ಆಗಸ್ಟ್. ಆ ವರ್ಷ ಕನ್ನಂಬಾಡಿ ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಅದೇ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿತು, ಅದರ ಚರಿತ್ರೆಯಲ್ಲಿ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು.

“ಮೂರು ವರ್ಷ ನೋಡಿ ಹವಾಮಾನ ಬದಲಾಯಿತು ಅನ್ನಬಾರದು” ಎಂದೂ ಮೇಷ್ಟ್ರು ಹೇಳಿದರು. 2023ರ ಬರಕ್ಕೆ ದೂರದ ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ಕೂಡ ಕಾರಣ, ಅದು ಹಿಂದಿನಿಂದಲೂ ಬಂದು ಹೋಗುತ್ತಾ ಇರುತ್ತದೆ. ಹವಾಮಾನ ಬದಲಾವಣೆ ತಿಳಿಯಬೇಕಾದರೆ ತುಂಬಾ ವರ್ಷಗಳ ಲೆಕ್ಕ ಬೇಕು. ಆ ಲೆಕ್ಕವೂ ಇದೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದುಕೊಳ್ಳುತ್ತದೆ. ಹಾಗಾಗಿ ಮಳೆ ಹುಯ್ದರೆ ಒಂದೇ ಸಲ ಹುಯ್ಯುತ್ತದೆ, ನಡುವೆ ಒಣ ದಿನಗಳು ಹೆಚ್ಚುತ್ತವೆ. ಬಂಗಾಳದ ಮೀನು ಮರಿ ಕೇಂದ್ರಗಳಲ್ಲಿ ಮೊದಲು ಮೇ ಕೊನೆಯ ಹೊತ್ತಿಗೆ ಮೊಟ್ಟೆಗೆ ಬರುತ್ತಿದ್ದ ಮೀನುಗಳು ಈಗ ಮಾರ್ಚಿಯಲ್ಲೇ ಬರುತ್ತಿವೆ. ಮೀನಿನ ಹೊಟ್ಟೆಯ ಗಡಿಯಾರ ಮುಂದೆ ಓಡುತ್ತಿದೆ, ಮಳೆಯ ಗಡಿಯಾರ ಒಂದೊಂದು ವರ್ಷ ಒಂದೊಂದು ಥರ ತೋರಿಸುತ್ತಿದೆ. ಎರಡೂ ಸೇರಿದ ವರ್ಷ ಮರಿ ಉಂಟು, ಸೇರದ ವರ್ಷ ಇಲ್ಲ.

ನೀರು ಬಿಸಿಯಾದರೆ ಇನ್ನೊಂದು ತೊಂದರೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಮೀನಿಗೆ ಬಿಸಿಯಲ್ಲಿ ಉಸಿರು ಹೆಚ್ಚು ಬೇಕು, ಸಿಗುವುದು ಕಡಿಮೆ. ಬೇರೆ ಕಡೆ ಮೀನುಗಳು ಇಂಥ ಕಾಲದಲ್ಲಿ ತಂಪು ನೀರು ಹುಡುಕಿಕೊಂಡು ಮೇಲೆ ಬೆಟ್ಟದ ಕಡೆ ಹೋಗುತ್ತವಂತೆ. ನಮ್ಮ ಮೀನು ಎಲ್ಲಿಗೆ ಹೋಗಬೇಕು? ಭೂಪಟ ತೆಗೆದು ನೋಡಿ. ಕಪಿಲೆಯಲ್ಲಿ ಮೇಲಕ್ಕೆ ಹೋದರೆ ಮೊದಲು ಹುಲ್ಲಹಳ್ಳಿಯ ಅಣೆ, ಅದನ್ನು ದಾಟಿದರೂ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು. ಕಾವೇರಿಯಲ್ಲಿ ಮೇಲಕ್ಕೆ ಹೋದರೆ ಕನ್ನಂಬಾಡಿ. ಕೆಳಕ್ಕೆ ಹೋದರೆ ತಲಕಾಡಿನ ಹತ್ತಿರ ಮಾಧವಮಂತ್ರಿ ಅಣೆ, ಅದಾದ ಮೇಲೆ ಶಿವನಸಮುದ್ರದ ಜಲಪಾತ. ಅಲ್ಲಿ ಇಳಿದ ಮೀನು ಮತ್ತೆ ಹತ್ತುವ ಮಾತೇ ಇಲ್ಲ. ಎಲ್ಲ ಕಡೆ ಬಾಗಿಲು ಹಾಕಿದ ಮನೆಯ ಹಾಗೆ.

ಅಣೆಕಟ್ಟಿನ ಕೆಳಗೆ ಹೊಸ ನೀರಿನ ಸುದ್ದಿಯೂ ಸರಿಯಾಗಿ ಬರುವುದಿಲ್ಲ. ವಯನಾಡಿನಲ್ಲಿ ಹುಯ್ದ ಮೊದಲ ಮಳೆಯ ನೀರನ್ನು ಕಬಿನಿ ಜಲಾಶಯ ತುಂಬಿಸಿಕೊಳ್ಳುತ್ತದೆ. ತುಂಬಿದ ಮೇಲೆ ಗೇಟು ಎತ್ತುತ್ತಾರೆ. ಆಗ ಒಂದೇ ಸಲ ಧೋ ಎಂದು ನೀರು ಬರುತ್ತದೆ. ಅಂದರೆ ನಂಜನಗೂಡಿನ ಮೀನಿಗೆ ಮಳೆ ಬಂತು ಅಂತ ಹೇಳೋದು ಈಗ ಮೋಡವಲ್ಲ, ಗೇಟು. ಅಣೆಕಟ್ಟು ಬೇಡ ಎಂದು ನಾನು ಹೇಳುತ್ತಿಲ್ಲ, ಅದರ ನೀರಿಲ್ಲದಿದ್ದರೆ ನಮ್ಮ ಭತ್ತವೂ ಇಲ್ಲ. ಅಮೆರಿಕದ ಕೊಲಂಬಿಯಾ ನದಿಯಲ್ಲಿ 1938ರಲ್ಲಿ ಕಟ್ಟಿದ ಬಾನ್‌ವಿಲ್ ಅಣೆಕಟ್ಟಿಗೆ ಮೀನು ಹತ್ತಲು ಮೆಟ್ಟಿಲು ಮೆಟ್ಟಿಲಾಗಿ ನೀರಿನ ಏಣಿ ಮಾಡಿದ್ದಾರೆ. ಅದರ ಚಿತ್ರ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಎಲ್ಲ ಮೀನಿಗೂ ಕಷ್ಟ ಎಂದಲ್ಲ. ಜಿಲೇಬಿ ಮೀನು 1952ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದದ್ದು. ಅದಕ್ಕೆ ಹೊಸ ನೀರು ಬೇಡ, ವಲಸೆ ಬೇಡ. ನಿಂತ ನೀರಿನಲ್ಲೇ ವರ್ಷಕ್ಕೆ ನಾಲ್ಕಾರು ಸಲ ಮೊಟ್ಟೆ ಇಟ್ಟು, ತಾಯಿ ಬಾಯಲ್ಲೇ ಮರಿ ಸಾಕುತ್ತದೆ. ಅದಕ್ಕೇ ಈಗ ಬಲೆಗೆ ಜಿಲೇಬಿಯೇ ಜಿಲೇಬಿ. ಬಿಳಿಮೀನಿನ ಕಥೆ ತದ್ವಿರುದ್ಧ. ಅದಕ್ಕೆ ಹರಿಯುವ ತಂಪು ನೀರು, ಕಲ್ಲು ಗರಸು ಎಲ್ಲ ಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬುವರು ಇದೇ ಕಬಿನಿಯಲ್ಲಿ ಗಾಳ ಹಾಕಿ 120 ಪೌಂಡಿನ ಬಿಳಿಮೀನು ಹಿಡಿದಿದ್ದರು. ಅಂದರೆ 54 ಕೆಜಿ, ನನಗಿಂತ ಭಾರ! ಬೆನ್ನು ಡುಬ್ಬವಾಗಿ, ರೆಕ್ಕೆ ಕಿತ್ತಳೆ ಬಣ್ಣವಾಗಿರುವ ಆ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವುದು. 2018ರಲ್ಲಿ ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿದರು. ನಾನು ಒಂದನ್ನೂ ನೋಡಿಲ್ಲ.

ನಾನು ಬರೆದದ್ದನ್ನು ತಾತನಿಗೆ ಓದಿ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. “ಎಲ್ಲಾನೂ ಮಳೆ ಮೇಲೆ ಹಾಕ್ಬೇಡ. ಮರಳು ಬಗೆದೋರು ಯಾರು? ಸಿಡಿಮದ್ದು ಹಾಕಿ ಮೀನು ಹೊಡೆದೋರು ಯಾರು?” ಅಂದರು. ಅದು ನಿಜ. ಮರಳು, ಮದ್ದು, ಕಟ್ಟೆ ಇವೆಲ್ಲ ಸೇರಿ ಮೀನು ಮೊದಲೇ ಕಡಿಮೆಯಾಗಿತ್ತು, ಅದರ ಮೇಲೆ ಈಗ ಮಳೆಯೂ ಹೊತ್ತು ತಪ್ಪಿದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವತ್ತು ಗುಂಡೀಲಿದ್ದವನ್ನ ಬಕೆಟ್‌ನಲ್ಲಿ ತಂದು ಹೊಳೆಗೆ ಬುಟ್ಟಿದ್ರೆ ಆಯ್ತಿತ್ತು” ಅಂದರು. ಬಕೆಟ್ ನಮ್ಮ ಕೈಯಲ್ಲೇ ಇತ್ತು, ಹೊಳೆ ನೂರು ಹೆಜ್ಜೆ ದೂರವೂ ಇರಲಿಲ್ಲ. ಯಾರಿಗೂ ಹೊಳೆಯಲಿಲ್ಲ.

ಈ ಹಾಳೆಯ ಪಕ್ಕದಲ್ಲಿ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ, ದಾರದಲ್ಲಿ ಪೆನ್ಸಿಲ್ ಕಟ್ಟಿದೆ. ಹಳ್ಳಕ್ಕೆ ಹೊಸ ನೀರು ಬಂದ ದಿನ, ಮೀನು ಹತ್ತಿದ್ದು ಕಂಡ ದಿನ, ನೀರು ನಿಂತ ದಿನ, ಯಾರು ಮೊದಲು ನೋಡುತ್ತೀರೋ ಅವರು ತಾರೀಖು ಬರೆಯಿರಿ. ಮಳೆಯ ಹೆಸರನ್ನೂ ಬರೆಯಿರಿ, ತಾತನಿಗೆ ತಾರೀಖು ತಿಳಿಯುವುದಿಲ್ಲ. ಗುಂಡಿಗಳಲ್ಲಿ ಮೀನು ಸಿಕ್ಕಿಕೊಂಡದ್ದು ಕಂಡರೆ ನನ್ನನ್ನು ಕೂಗಿ, ಬಕೆಟ್ ತರುತ್ತೇನೆ.

– 7ನೇ ತರಗತಿ ವಿದ್ಯಾರ್ಥಿನಿ