ಹಳೆಯ ಬುಲೆಟ್ಟಿನ ಎಣ್ಣೆ ಸೋರಿಕೆ

ಪುರಸೈವಾಕ್ಕಂನ ಗಲ್ಲಿಗಳಲ್ಲಿ ಬಾಡಿಗೆಯ ಮನೆ ಹಿಡಿದಿರುವ ನಮ್ಮವರಲ್ಲಿ ಹಳೆಯ ಬುಲೆಟ್ ಮೋಟಾರ್ ಸೈಕಲನ್ನು ಅಕ್ಕರೆಯಿಂದ ಇಟ್ಟುಕೊಂಡವರು ಕೆಲವರಾದರೂ ಇದ್ದಾರೆ. ರಾತ್ರಿ ನಿಲ್ಲಿಸಿದ ಗಾಡಿಯ ಅಡಿಯಲ್ಲಿ ಬೆಳಿಗ್ಗೆ ಅಂಗೈಯಗಲದ ಎಣ್ಣೆಯ ಕಲೆ ಕಂಡಾಗ ಮನೆಯ ಮಾಲೀಕರ ಮುಖ ಹೇಗಾಗುತ್ತದೆಂಬುದನ್ನು ಅವರಿಗೆ ನಾವು ವಿವರಿಸಬೇಕಾಗಿಲ್ಲ. ಬುಲೆಟ್ ಎಂದ ಮೇಲೆ ಎಣ್ಣೆ ಸೋರಿಯೇ ಸೋರುತ್ತದೆ ಎಂದು ಸಮಾಧಾನ ಹೇಳುವವರುಂಟು. ಇಂಜಿನ್ ಪೂರ್ತಿ ಬಿಚ್ಚಬೇಕೆಂದು ಹೆದರಿಸುವವರೂ ಉಂಟು. ಮೊದಲನೆಯದು ಸೋಮಾರಿಯ ಮಾತು. ಎರಡನೆಯದು ತಿಂಗಳ ಸಂಬಳವನ್ನು ನುಂಗುವ ಮಾತು.

ಈ ಗಾಡಿ ಇದೇ ಊರಿನ ಕೂಸು. ಇಂಗ್ಲೆಂಡಿನ ರೆಡಿಚ್‌ನಲ್ಲಿದ್ದ ರಾಯಲ್ ಎನ್‌ಫೀಲ್ಡ್ ಕಂಪನಿಯೂ ಇಲ್ಲಿನ ಮದ್ರಾಸ್ ಮೋಟಾರ್ಸ್ ಸಂಸ್ಥೆಯೂ 1955ರಲ್ಲಿ ಕೂಡಿ ಎನ್‌ಫೀಲ್ಡ್ ಇಂಡಿಯಾವನ್ನು ಸ್ಥಾಪಿಸಿದವು. ತಿರುವೊಟ್ರಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಇಂಗ್ಲೆಂಡಿನ ಕಂಪನಿ ಕಣ್ಮುಚ್ಚಿದ ಮೇಲೂ ಎರಕದ ಕಬ್ಬಿಣದ ಸಿಲಿಂಡರಿನ ಆ ಇಂಜಿನ್ ಇಲ್ಲಿ ದಶಕಗಳ ಕಾಲ ತಯಾರಾಗುತ್ತಲೇ ಬಂದಿತು. ಆದುದರಿಂದ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ. ಬರವಿರುವುದು ತಾಳ್ಮೆಗೆ.

ಹೋಟೆಲಿನ ಅಡಿಗೆಮನೆಯನ್ನು ಬಲ್ಲವರಿಗೆ ಈ ರೋಗದ ಮೂಲ ಸುಲಭವಾಗಿ ತಿಳಿಯುತ್ತದೆ. ಕುಕ್ಕರಿನ ವಿಶಲ್ ಕಟ್ಟಿಕೊಂಡರೆ ಆವಿ ಗ್ಯಾಸ್ಕೆಟ್ಟಿನ ಸಂದಿಯಿಂದ ನುಗ್ಗುತ್ತದಷ್ಟೆ? ಆಗ ಬುದ್ಧಿವಂತನಾದವನು ಗ್ಯಾಸ್ಕೆಟ್ಟನ್ನು ದೂರದೆ ವಿಶಲನ್ನು ಶುಚಿಮಾಡುತ್ತಾನೆ. 350ರ ಬುಲೆಟ್ಟಿನಲ್ಲಿ ಪಿಸ್ಟನ್ ಕೆಳಗಿಳಿದಾಗಲೆಲ್ಲ 346 ಘನ ಸೆಂಟಿಮೀಟರಿನಷ್ಟು ಜಾಗವನ್ನು ಕ್ರ್ಯಾಂಕ್‌ಕೇಸಿನೊಳಗಿನ ಗಾಳಿಯಿಂದ ಕಸಿದುಕೊಳ್ಳುತ್ತದೆ. ಆ ಗಾಳಿ ಹೊರಹೋಗಲೆಂದೇ ಉಸಿರುನಳಿಕೆಯೊಂದಿದೆ. ಅದರ ಕವಾಟ ಕೆಟ್ಟರೆ, ನಳಿಕೆಯಲ್ಲಿ ಜಿಡ್ಡು ಕಟ್ಟಿದರೆ, ಒತ್ತಡವು ಎಣ್ಣೆಯನ್ನು ಸಂದುಸಂದಿನಿಂದ ಹೊರಗೆ ನೂಕುತ್ತದೆ. ಪಿಸ್ಟನ್ನಿನ ರಿಂಗುಗಳು ಸವೆದಿದ್ದರಂತೂ ಒತ್ತಡ ಇಮ್ಮಡಿಸುತ್ತದೆ. ಹೀಗಿರಲು ಹೊಸ ಗ್ಯಾಸ್ಕೆಟ್ ಹಾಕಿ ಫಲವೇನು?

ಇನ್ನೊಂದು ವಿಷಯ. ಈ ಇಂಜಿನ್ನಿನ ಎಣ್ಣೆಯ ತೊಟ್ಟಿ ಕ್ರ್ಯಾಂಕ್‌ಕೇಸಿನ ಎರಕದಲ್ಲಿಯೇ ಪ್ರತ್ಯೇಕ ಕೋಣೆಯಾಗಿದೆ. ಒಂದು ಪಂಪು ಎಣ್ಣೆಯನ್ನು ಒಯ್ಯುತ್ತದೆ, ಇನ್ನೊಂದು ಮರಳಿ ತರುತ್ತದೆ. ರಜೆಗೆ ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದರೆ, ಪಂಪು ಸವೆದಿದ್ದಲ್ಲಿ, ತೊಟ್ಟಿಯ ಎಣ್ಣೆ ಮೆಲ್ಲನೆ ಕೆಳಗಿಳಿದಿರುತ್ತದೆ. ಅಳತೆಕಡ್ಡಿ ಒಣಗಿರುವುದನ್ನು ಕಂಡು ಗಾಬರಿಯಿಂದ ಹೊಸ ಎಣ್ಣೆ ಸುರಿದವನ ಗಾಡಿ, ಕಿಕ್ಕರ್ ಹೊಡೆದೊಡನೆ ಉಸಿರುನಳಿಕೆಯಿಂದ ಎಣ್ಣೆಯನ್ನು ಕಾರುತ್ತದೆ. ಕೆಲವು ನಿಮಿಷ ಇಂಜಿನ್ ಓಡಿಸಿ ಆಮೇಲೆ ಅಳೆಯುವುದೇ ಕ್ರಮ.

ಇಷ್ಟಾದರೂ ಸೋರಿಕೆ ನಿಲ್ಲದಿದ್ದರೆ ಸ್ಥಳವನ್ನು ಹುಡುಕಬೇಕು. ಎಣ್ಣೆ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ಭಾವಿಸಬಾರದು; ಓಟದ ಗಾಳಿಗೆ ಅದು ಹಿಂದಕ್ಕೂ ಕೆಳಕ್ಕೂ ಹರಿದಿರುತ್ತದೆ. ತಣ್ಣಗಿರುವ ಇಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಚೆನ್ನಾಗಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಮೇಲೆ ಉದುರಿಸಿ, ಸ್ವಲ್ಪ ದೂರ ಹೋಗಿ ಬಂದರೆ ಒದ್ದೆಯ ಗೆರೆ ತಾನಾಗಿ ಮೂಡುತ್ತದೆ. ಹಲವೇಳೆ ಅದು ರಾಕರುಗಳಿಗೆ ಎಣ್ಣೆ ಒಯ್ಯುವ ಕೊಳವೆಯ ತಾಮ್ರದ ವಾಷರಿನ ಬಳಿ ಶುರುವಾಗಿರುತ್ತದೆ. ಬಿಗಿದು ಬಿಗಿದು ಗಡುಸಾದ ಆ ವಾಷರನ್ನು ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಉಕ್ಕು ಹಾಗೆ ಮಾಡಿದರೆ ಗಡುಸಾಗುತ್ತದೆ. ತಾಮ್ರದ ಗುಣ ಬೇರೆ. ಕಪ್ಪನ್ನು ಉಜ್ಜಿ ತೆಗೆದು ಮತ್ತೆ ಹಾಕಬಹುದು.

ಮುಚ್ಚಳಗಳ ವಿಷಯದಲ್ಲಿ ಬಲಪ್ರಯೋಗ ಬೇಡ. ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಮುಚ್ಚಳ ಡೊಂಕಾಗುತ್ತದೆ, ಇಲ್ಲವೇ ಮರೆ ಕಿತ್ತುಬರುತ್ತದೆ. ಡೊಂಕಾದುದನ್ನು ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ತಿಕ್ಕಿ ಸಮಮಾಡುವುದುಂಟು. ಟ್ಯೂಬಿನ ಅಂಟನ್ನು ಧಾರಾಳವಾಗಿ ಮೆತ್ತುವುದು ನಮಗೆ ಸರಿಕಾಣದು: ಒಳಕ್ಕೆ ಒತ್ತಿಬಂದ ಅಂಟಿನ ಚೂರು ಎಣ್ಣೆಯ ದಾರಿಯನ್ನು ಮುಚ್ಚಿದರೆ ಇಂಜಿನ್ನೇ ಹಾಳಾಗುತ್ತದೆ. ಹಿಂದಿನ ಚಕ್ರದ ಟೈರಿಗೆ ಎಣ್ಣೆ ತಾಗುತ್ತಿರುವ ಗಾಡಿಯನ್ನಂತೂ ರಿಪೇರಿಯಾಗುವವರೆಗೆ ಏರಲೇಬಾರದು. ಮಳೆಗಾಲದ ಪುರಸೈವಾಕ್ಕಂ ಹೈರೋಡಿನಲ್ಲಿ ಅದು ಪ್ರಾಣದ ಪ್ರಶ್ನೆ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿಗಳನ್ನು ಇಟ್ಟುಕೊಂಡವರಿಗೂ ಒಂದು ಮಾತು. ಅದರ ಇಂಜಿನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಸೇರುತ್ತದೆ. ನೆಲಕ್ಕೆ ಬೀಳುವುದು ಸಾಮಾನ್ಯವಾಗಿ ಗೇರುಪೆಟ್ಟಿಗೆಯ ಎಣ್ಣೆ. ಆ ಎಣ್ಣೆ ನೆಲಕ್ಕೆ ಬೀಳದೆಯೇ ಕಡಮೆಯಾಗುತ್ತ, ಸೈಲೆನ್ಸರಿನಲ್ಲಿ ದಟ್ಟ ಬಿಳಿಯ ಹೊಗೆ ಬರುತ್ತಿದ್ದರೆ, ಕ್ರ್ಯಾಂಕಿನ ರಬ್ಬರ್ ಸೀಲು ಹೋಗಿದೆಯೆಂದು ತಿಳಿಯಬೇಕು. ಸೀಲಿಗಾಗಲಿ ವಾಷರಿಗಾಗಲಿ ಪುದುಪೇಟೆಯ ಅಂಗಡಿಗಳಿಗೆ ಹೋಗುವವರು ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡೇ ಹೋಗಲಿ. ಹೊಸದನ್ನು ಅದರ ಮೇಲಿಟ್ಟು ನೋಡಿ, ಅಳತೆ ಕೂಡಿದ ಮೇಲೆಯೇ ಹಣ ಕೊಡಲಿ.